ನೋವಾಗದಂತೆ ನೋಡುವ ವಿದ್ಯೆ

2024ರ ಆಗಸ್ಟ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಗರ್ಭನಿರೋಧಕಗಳ ಬಗ್ಗೆ ವೈದ್ಯರಿಗೆ ಕೊಡುವ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿಯಂಥ ಗರ್ಭನಿರೋಧಕ ಸಾಧನ, ಹಾಕುವಾಗ ಆಗಬಹುದಾದ ನೋವಿನ ಬಗ್ಗೆ ಪ್ರತಿಯೊಬ್ಬ ಮಹಿಳೆಯ ಹತ್ತಿರವೂ ಮೊದಲೇ ಮಾತಾಡಬೇಕು, ನೋವು ತಗ್ಗಿಸುವ ದಾರಿಗಳನ್ನು ಆಕೆಯ ಮುಂದಿಡಬೇಕು, ಮರಗಟ್ಟಿಸುವ ಲಿಗ್ನೊಕೇನ್ ಔಷಧ ಚುಚ್ಚುಮದ್ದಾಗಿಯೋ ಲೇಪನವಾಗಿಯೋ ನೆರವಾಗಬಹುದು ಎಂದು ಅದು ಶಿಫಾರಸು ಮಾಡಿತು. ವಂಕಿ ವ್ಯಾಪಕವಾಗಿ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಲಿಗ್ನೊಕೇನ್ ಅದಕ್ಕೂ ಹಳೆಯದು, 1940ರ ದಶಕದ್ದು. ಮದ್ದೂ ಇತ್ತು, ಸೂಜಿಯೂ ಇತ್ತು, ನೋವಂತೂ ಇದ್ದೇ ಇತ್ತು. ಆದರೂ ಅದು ಇಷ್ಟು ನೇರವಾದ ಶಿಫಾರಸಾಗಿ ಬರಲು ಆರು ದಶಕ ಹಿಡಿಯಿತು.

ಏಕೆ ಎಂಬುದಕ್ಕೆ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರವಿದೆ. ವಂಕಿ ಹಾಕಿಸಿಕೊಂಡವರಿಗೂ ಹಾಕಿದವರಿಗೂ 100 ಮಿಲಿಮೀಟರ್ ಉದ್ದದ ಗೆರೆ ಕೊಟ್ಟು, ನೋವು ಎಷ್ಟಿತ್ತು ಎಂದು ಗುರುತು ಹಾಕಲು ಕೇಳಲಾಯಿತು. ಮಹಿಳೆಯರು ಹಾಕಿದ ಗುರುತು ಸರಾಸರಿ 65ರ ಹತ್ತಿರ ಇತ್ತು. ಅದೇ ನೋವಿಗೆ ಹಾಕಿದವರ ಅಂದಾಜು 35ರ ಹತ್ತಿರ. ಒಂದು ಕೈಯಳತೆ ದೂರದಲ್ಲಿ ಮಲಗಿದ್ದವಳ ನೋವು ಅರ್ಧದಷ್ಟೇ ಕಣ್ಣಿಗೆ ಬಿದ್ದಿತ್ತು. ಅವರೇನು ಕಲ್ಲು ಮನಸ್ಸಿನವರಾಗಿರಲಿಲ್ಲ. ನೋವನ್ನು ಕೇಳಿ ತಿಳಿಯಬೇಕು ಎಂಬ ಅಭ್ಯಾಸವೇ ಅವರ ಕೆಲಸದೊಳಗೆ ಇರಲಿಲ್ಲ.

ಹೆಂಗಸರ ಆರೋಗ್ಯ ನೋಡುವ ವೈದ್ಯರಿಗೆ ಕರುಣೆ ಬೇಕು ಎಂದಾಗ ನಾವು ಸಾಮಾನ್ಯವಾಗಿ ಸ್ವಭಾವದ ಮಾತಾಡುತ್ತೇವೆ. ಸ್ವಭಾವವೂ ಬೇಕು, ನಿಜ. ಆದರೆ ಈ ಕ್ಷೇತ್ರದಲ್ಲಿ ಕರುಣೆಯ ಬಹುಪಾಲು ಇರುವುದು ಕೈಯಲ್ಲಿ, ಆಡುವ ಮಾತಿನಲ್ಲಿ, ಕಾಯುವ ಎರಡು ಮೂರು ನಿಮಿಷದಲ್ಲಿ. ಯೋನಿಯನ್ನು ಅಗಲಿಸಿ ಒಳಗೆ ನೋಡಲು ಬಳಸುವ ಉಪಕರಣವಾದ ಸ್ಪೆಕ್ಯುಲಂ ಯಾವ ಕೋನದಲ್ಲಿ ಒಳಹೋಗಬೇಕು, ಮದ್ದು ಹಿಡಿಯಲು ಎಷ್ಟು ಹೊತ್ತು ಬಿಡಬೇಕು, ಕೆಟ್ಟ ಸುದ್ದಿಯ ಮೊದಲ ವಾಕ್ಯ ಯಾವುದಿರಬೇಕು ಎಂಬುದನ್ನೆಲ್ಲ ಹೊಲಿಗೆ ಹಾಕುವುದನ್ನು ಕಲಿಸುವಂತೆಯೇ ಕಲಿಸಬಹುದು. ಕಲಿಸದೆ ಬಿಟ್ಟರೆ ಒಳ್ಳೆಯ ಮನಸ್ಸಿನವರ ಕೈಯೂ ನೋಯಿಸುತ್ತದೆ.

ಕಲಿಯುವ ಹೊತ್ತಿನಲ್ಲೇ ಕಳೆದುಹೋಗುವುದು

ಈ ವಿಭಾಗದ ಬೇರಿನಲ್ಲೇ ಒಂದು ಗಾಯವಿದೆ. ಆಧುನಿಕ ಸ್ತ್ರೀರೋಗ ಶಾಸ್ತ್ರದ ಪಿತಾಮಹ ಎಂದು ಬಹುಕಾಲ ಕರೆಸಿಕೊಂಡ ಜೆ. ಮೇರಿಯನ್ ಸಿಮ್ಸ್, 1840ರ ದಶಕದಲ್ಲಿ ಅಲಬಾಮಾದಲ್ಲಿ ಗುಲಾಮ ಹೆಣ್ಣುಮಕ್ಕಳ ಮೇಲೆ ಅರಿವಳಿಕೆ ಇಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ ತನ್ನ ವಿಧಾನವನ್ನು ರೂಪಿಸಿದ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರು ಉಳಿದಿವೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿದ್ದ ಅವನ ಪ್ರತಿಮೆಯನ್ನು ತೆಗೆದದ್ದು 2018ರಲ್ಲಿ. ಇಂದಿಗೂ ಬಳಕೆಯಲ್ಲಿರುವ ಒಂದು ಬಗೆಯ ಸ್ಪೆಕ್ಯುಲಂಗೆ ಅವನದೇ ಹೆಸರಿದೆ. ಆ ಉಪಕರಣವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗೆ ಅದು ಎಲ್ಲಿಂದ ಬಂತು ಎಂದೂ ಹೇಳಿಕೊಡಬೇಕು.

ವೈದ್ಯಕೀಯ ಪದವಿಯ ನಂತರ ಈ ವಿಭಾಗದ ವಿಶೇಷ ತರಬೇತಿಗೆ ದೇಶಕ್ಕೆ ತಕ್ಕಂತೆ ಸುಮಾರು 3ರಿಂದ 7 ವರ್ಷ ಬೇಕಾಗುತ್ತದೆ. ಕರುಣೆ ಸವೆಯುವುದು ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಫಿಲಡೆಲ್ಫಿಯಾದ ಜೆಫರ್‌ಸನ್ ವೈದ್ಯಕೀಯ ಕಾಲೇಜಿನ ಸಂಶೋಧಕರು ವಿದ್ಯಾರ್ಥಿಗಳ ಸಹಾನುಭೂತಿಯನ್ನು ವರ್ಷ ವರ್ಷವೂ ಅಳೆದು 2009ರಲ್ಲಿ ಪ್ರಕಟಿಸಿದರು. ಮೊದಲೆರಡು ವರ್ಷ ಹೆಚ್ಚುಕಡಿಮೆ ಹಾಗೇ ಇದ್ದ ಅಂಕ ಮೂರನೆಯ ವರ್ಷದಲ್ಲಿ ಕುಸಿಯಿತು. ವಿದ್ಯಾರ್ಥಿಗಳು ಪುಸ್ತಕ ಬಿಟ್ಟು ರೋಗಿಯ ಹಾಸಿಗೆಯ ಬಳಿಗೆ ಬರುವ ವರ್ಷವೇ ಅದು. ನಿದ್ದೆಯಿಲ್ಲದ ಡ್ಯೂಟಿ, ಎಲ್ಲರೆದುರು ಬೈಗುಳ, ಓಡುತ್ತ ಮುಗಿಸುವ ರೌಂಡ್ಸ್. ಸೀನಿಯರ್ ಪರದೆ ಎಳೆಯದೆ ಪರೀಕ್ಷೆ ಮಾಡಿದರೆ ಜೂನಿಯರ್‌ಗೂ ಪರದೆ ಎಳೆಯುವುದು ಸಮಯ ಹಾಳು ಅನ್ನಿಸತೊಡಗುತ್ತದೆ.

ಇದನ್ನು ತಡೆಯಬಹುದು ಎಂದು ತೋರಿಸಿದ ಹಳೆಯ ಪ್ರಯೋಗವೊಂದಿದೆ. 1970ರ ದಶಕದಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ, ತಮ್ಮ ದೇಹದ ಮೇಲೆಯೇ ಪರೀಕ್ಷೆ ಮಾಡುವುದನ್ನು ಕಲಿಸಲು ತರಬೇತಿ ಪಡೆದ ಮಹಿಳೆಯರನ್ನು ಶಿಕ್ಷಕಿಯರಾಗಿ ನೇಮಿಸಿಕೊಳ್ಳಲಾಯಿತು. ವಿದ್ಯಾರ್ಥಿ ಸ್ಪೆಕ್ಯುಲಂ ಹಾಕುತ್ತಿರುವಾಗಲೇ ಆಕೆ ಹೇಳುತ್ತಾಳೆ: ಇಲ್ಲಿ ಒತ್ತಬೇಡಿ, ಮೂತ್ರನಾಳಕ್ಕೆ ತಾಗುತ್ತಿದೆ, ಸ್ವಲ್ಪ ಕೆಳಕ್ಕೆ ಇಳಿಸಿ, ಈಗ ಸರಿ. ರಬ್ಬರ್ ಬೊಂಬೆಗೆ ಇದನ್ನು ಹೇಳಲು ಬಾಯಿಲ್ಲ. ಹೆದರಿದ ರೋಗಿಗೆ ಬಾಯಿದ್ದರೂ ಧೈರ್ಯವಿರುವುದಿಲ್ಲ. ಈ ಪದ್ಧತಿ ಆಮೇಲೆ ಹಲವು ದೇಶಗಳಿಗೆ ಹರಡಿತು, ಆದರೆ ಎಲ್ಲ ಕಡೆ ಇಲ್ಲ.

ಇದಕ್ಕೆ ತದ್ವಿರುದ್ಧವಾದ ರೂಢಿಯೂ ಇತ್ತು. ಬೇರೆ ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ ಮಹಿಳೆಯ ಮೇಲೆ, ಆಕೆಯನ್ನು ಕೇಳದೆ, ವಿದ್ಯಾರ್ಥಿಗಳಿಂದ ಒಳಪರೀಕ್ಷೆ ಮಾಡಿಸುವುದು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಆರೋಗ್ಯ ಇಲಾಖೆ, ಇಂಥ ಪರೀಕ್ಷೆಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಲೇಬೇಕು ಎಂದು ಆಸ್ಪತ್ರೆಗಳಿಗೆ ಬರೆಯಿತು. ಕೇಳಿದರೆ ಯಾರೂ ಒಪ್ಪುವುದಿಲ್ಲ, ವಿದ್ಯಾರ್ಥಿಗಳು ಕಲಿಯುವುದು ಹೇಗೆ ಎಂಬ ವಾದ ಕಲಿಕೆಯ ಪರವಾಗಿ ಕಾಣುತ್ತದೆ, ಆದರೆ ಅದು ಕಲಿಕೆಗೇ ವಿರುದ್ಧ. ಪ್ರಜ್ಞೆಯಿಲ್ಲದ ದೇಹದ ಮೇಲೆ ಕಲಿತ ಕೈಗೆ ಎಲ್ಲಿ ನೋಯುತ್ತದೆ ಎಂಬುದೇ ತಿಳಿಯುವುದಿಲ್ಲ.

ಪರೀಕ್ಷೆಯ ಮೇಜಿನ ಮೇಲೆ

ಮೊದಲ ಪ್ರಶ್ನೆ: ಈ ಪರೀಕ್ಷೆ ಬೇಕೇ? ಗರ್ಭನಿರೋಧಕ ಮಾತ್ರೆ ಬರೆದುಕೊಡಲು ಒಳಪರೀಕ್ಷೆ ಬೇಕಿಲ್ಲ. ಆರೋಗ್ಯದ ಹಿನ್ನೆಲೆ ವಿಚಾರಿಸಿ, ರಕ್ತದೊತ್ತಡ ನೋಡಿದರೆ ಸಾಕು. ಯಾವ ತೊಂದರೆಯೂ ಇಲ್ಲದ, ಬಸುರಿಯಲ್ಲದ ಮಹಿಳೆಗೆ ವರ್ಷಕ್ಕೊಮ್ಮೆ ಎಂಬ ರೂಢಿಯಿಂದ ಮಾಡುವ ಒಳಪರೀಕ್ಷೆ ಬೇಡ ಎಂದು ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2014ರಲ್ಲೇ ಹೇಳಿದೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ, ಅದಕ್ಕೆ ಕಾರಣವಾಗುವ ವೈರಸ್ ಹುಡುಕುವ ಎಚ್‌ಪಿವಿ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಅದನ್ನು ಒಪ್ಪುತ್ತದೆ. ಹಿಂದೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಇದೊಂದೇ ಬದಲಾವಣೆಯಿಂದ ತಪಾಸಣೆಯ ಬಾಗಿಲು ತೆರೆಯುತ್ತದೆ.

ಬೇಕೇ ಬೇಕು ಎಂದಾದರೆ, ಬಟ್ಟೆ ಕಳಚುವ ಮೊದಲೇ ಮಾತಾಡಬೇಕು. ಏನು ಮಾಡುತ್ತೇವೆ, ಏಕೆ, ಎಷ್ಟು ಹೊತ್ತು ಎಂದು ಆಕೆ ಕುರ್ಚಿಯಲ್ಲಿ ಕೂತಿರುವಾಗ ಹೇಳಬೇಕು. ಅರೆಬೆತ್ತಲೆ ಮಲಗಿದವರು ಯಾವುದಕ್ಕೂ ಹೂಂ ಎನ್ನುತ್ತಾರೆ. ‘ಸಾಕು ಅಂದ ತಕ್ಷಣ ನಿಲ್ಲಿಸುತ್ತೇನೆ’ ಎಂದು ಹೇಳಿ, ಹಾಗೇ ನಿಲ್ಲಿಸಬೇಕು. ಮೂತ್ರಕೋಶ ಖಾಲಿ ಇರಲಿ. ಸೊಂಟದ ಮೇಲಿನ ಬಟ್ಟೆ ಹಾಗೇ ಇರಲಿ, ಕೆಳಗೆ ಆಕೆಯೇ ಸರಿಸಿಕೊಳ್ಳುವಂಥ ಹೊದಿಕೆ ಇರಲಿ. ಜತೆಗೆ ಯಾರಿರಬೇಕು, ಯಾರು ಹೊರಗಿರಬೇಕು ಎಂಬುದೂ ಆಕೆಯ ಇಷ್ಟ. ಕಾಲುಗಳನ್ನು ಎತ್ತರದ ಕಂಬಿಗೆ ಸಿಕ್ಕಿಸದೆ, ಪಾದಗಳನ್ನು ಮೇಜಿನ ಮೇಲೇ ಊರಿಸಿ ಮಾಡಿದ ಪರೀಕ್ಷೆಯಲ್ಲಿ ಮಹಿಳೆಯರಿಗೆ ಕಿರಿಕಿರಿಯೂ ಅಸಹಾಯಕತೆಯೂ ಕಡಿಮೆ ಎಂದು 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಪ್ರಯೋಗವೊಂದು ತೋರಿಸಿತು. ಇದಕ್ಕೆ ಖರ್ಚೇನೂ ಇಲ್ಲ.

ಸ್ಪೆಕ್ಯುಲಂ ಆರಿಸುವಾಗ, ಗರ್ಭಕಂಠ ಕಾಣಲು ಸಾಕಾಗುವ ಅತಿ ಕಿರಿದಾದುದನ್ನು ತೆಗೆದುಕೊಳ್ಳಬೇಕು. ಹೆರಿಗೆಯಾಗದವರಿಗೆ, ಮುಟ್ಟು ನಿಂತವರಿಗೆ ಕಿರಿಯದೇ ಸರಿ. ಲೋಹದ್ದಾದರೆ ಬೆಚ್ಚಗಿನ ನೀರಿನಲ್ಲಿ ಹಿಡಿದು, ತನ್ನ ಮುಂಗೈಗೆ ತಾಗಿಸಿ ನೋಡಿ, ನೀರಿನಂಶದ ಜೆಲ್ ತೆಳ್ಳಗೆ ಸವರಬೇಕು. ಗರ್ಭಕಂಠದ ಜೀವಕೋಶಗಳ ಪ್ಯಾಪ್ ಮಾದರಿ ತೆಗೆಯುವುದಿದ್ದರೆ ಕಾರ್ಬೊಮರ್ ಎಂಬ ಗಟ್ಟಿಕಾರಕ ಬೆರೆಸಿದ ಜೆಲ್ ಬೇಡ, ವರದಿ ಕೆಡಬಹುದು. ಮುಟ್ಟುವ ಮೊದಲು ಹೇಳಿ, ಮೊದಲ ಸ್ಪರ್ಶ ತೊಡೆಗೆ, ಅಂಗೈ ಹಿಂಬದಿಯಿಂದ. ಸ್ಪೆಕ್ಯುಲಂ ಬೆನ್ನಿನ ಕೆಳಭಾಗದತ್ತ ಇಳಿಜಾರಾಗಿ, ಯೋನಿಯ ಹಿಂಗೋಡೆಗೆ ಒರಗಿಕೊಂಡೇ ಹೋಗಬೇಕು. ನೇರವಾಗಿ ಅಥವಾ ಮೇಲ್ಮುಖವಾಗಿ ದೂಡಿದರೆ ಮೂತ್ರನಾಳ ಮೂಳೆಗೆ ಒತ್ತಿ ತೀವ್ರ ನೋವಾಗುತ್ತದೆ. ಒರಟು ಪರೀಕ್ಷೆ ಎಂದು ಹೆಂಗಸರು ಹೇಳುವುದರಲ್ಲಿ ಎಷ್ಟೋ ಪಾಲು ಈ ಒಂದು ಕೋನದ ತಪ್ಪು.

ಗರ್ಭಕಂಠ ಕಾಣದಿದ್ದಾಗ ಹೊಸಬರು ಅಲಗುಗಳನ್ನು ಇನ್ನಷ್ಟು ಅಗಲಿಸಿ ಹುಡುಕುತ್ತಾರೆ. ಹಾಗೆ ಮಾಡಬಾರದು. ಹೊರತೆಗೆದು, ಒಂದು ಬೆರಳಿನಿಂದ ಗರ್ಭಕಂಠ ಯಾವ ಕಡೆಗಿದೆ ಎಂದು ತಿಳಿದು, ಮತ್ತೆ ಹಾಕಬೇಕು. ಆಕೆ ಎರಡು ಮುಷ್ಟಿಯನ್ನು ಪೃಷ್ಠದ ಕೆಳಗಿಟ್ಟುಕೊಂಡರೆ ಸೊಂಟ ಎತ್ತರವಾಗಿ ಎಷ್ಟೋ ಸಲ ಕಂಠ ತಾನೇ ಎದುರಿಗೆ ಬರುತ್ತದೆ. ಪಕ್ಕದ ಗೋಡೆಗಳು ಸಡಿಲಾಗಿ ಒಳಕ್ಕೆ ಬೀಳುತ್ತಿದ್ದರೆ, ತುದಿ ಕತ್ತರಿಸಿದ ಕಾಂಡೋಮನ್ನು ಅಲಗುಗಳ ಮೇಲೆ ಏರಿಸಿದರೆ ಗೋಡೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ತೆಗೆಯುವಾಗಿನ ತಪ್ಪು ಇನ್ನೂ ಹೆಚ್ಚು: ಅಲಗುಗಳ ನಡುವೆ ಕಂಠ ಇರುವಾಗಲೇ ಮುಚ್ಚುವುದು. ಸ್ವಲ್ಪ ತೆರೆದಂತೆಯೇ ಹಿಂದಕ್ಕೆ ಎಳೆದು, ಕಂಠ ಬಿಡಿಸಿಕೊಂಡ ಮೇಲೆ ನಿಧಾನವಾಗಿ ಮುಚ್ಚಿಕೊಳ್ಳಲು ಬಿಡಬೇಕು. ಮುಟ್ಟು ನಿಂತು ವರ್ಷಗಳಾಗಿ ಯೋನಿ ಒಣಗಿದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಕೆಲವು ವಾರ ಈಸ್ಟ್ರೋಜನ್ ಕ್ರೀಮ್ ಹಚ್ಚಿಸಿ ಆಮೇಲೆ ಕರೆಸಿಕೊಳ್ಳುವುದು ಒಳ್ಳೆಯದು. ತುರ್ತಿಲ್ಲದ ಪರೀಕ್ಷೆಯನ್ನು ಇವತ್ತೇ ಮುಗಿಸಬೇಕೆಂಬ ಹಟ ಯಾರ ಒಳ್ಳೆಯದಕ್ಕೂ ಅಲ್ಲ.

‘ಸಡಿಲ ಬಿಡಿ’ ಎಂದರೆ ಯಾರ ಸ್ನಾಯುವೂ ಸಡಿಲವಾಗುವುದಿಲ್ಲ. ‘ಸೊಂಟವನ್ನು ಮೇಜಿಗೆ ಭಾರ ಹಾಕಿ, ಉಸಿರು ಹೊರಗೆ ಬಿಡಿ’ ಎಂದರೆ ಆಗುತ್ತದೆ, ಏಕೆಂದರೆ ಅದು ಮಾಡಬಹುದಾದ ಕೆಲಸ. ‘ಏನೂ ನೋವಾಗಲ್ಲ’ ಎಂಬುದು ಸುಳ್ಳಾದರೆ ಮುಂದಿನ ಯಾವ ಮಾತನ್ನೂ ಆಕೆ ನಂಬುವುದಿಲ್ಲ.

ವಂಕಿಯ ನಾಲ್ಕು ನೋವು

ವಂಕಿ ಹಾಕುವಾಗಿನ ನೋವು ಒಂದೇ ನೋವಲ್ಲ. ಗರ್ಭಕಂಠವನ್ನು ಇಕ್ಕಳದಿಂದ ಹಿಡಿಯುವಾಗ ಚುರುಕ್ಕೆನ್ನುವುದು ಒಂದು. ಮದ್ದು ಚುಚ್ಚುವುದಾದರೆ ಆ ಸೂಜಿಯದು ಇನ್ನೊಂದು. ಗರ್ಭಕೋಶದ ಆಳ ಅಳೆಯುವ ಕಡ್ಡಿ ಗರ್ಭಕಂಠದ ಒಳಬಾಯಿ ದಾಟುವಾಗಿನದು ಮೂರನೆಯದು, ವಂಕಿ ಗರ್ಭಕೋಶದ ಮೇಲ್ಛಾವಣಿಗೆ ತಾಗುವಾಗಿನ ಹಿಂಡುವ ನೋವು ನಾಲ್ಕನೆಯದು. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಐಬುಪ್ರೊಫೆನ್ ಮಾತ್ರೆಯು ವಂಕಿ ಹಾಕಿದ ನಂತರದ ಹಿಂಡುನೋವಿಗೆ ಒಳ್ಳೆಯದು, ಹಾಕುವ ಗಳಿಗೆಯ ನೋವಿಗೆ ಅದರಿಂದ ಹೆಚ್ಚೇನೂ ಆಗದು. ಗರ್ಭಕಂಠ ಮೆದುವಾಗಲೆಂದು ಮೊದಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುವ ರೂಢಿಯನ್ನೂ ಎಲ್ಲರಿಗೂ ಎಂಬಂತೆ ಅನುಸರಿಸಬಾರದು. ಅದರಿಂದ ಹಿಂಡುನೋವು, ವಾಕರಿಕೆ ಹೆಚ್ಚುತ್ತವೆ.

ಗರ್ಭಕಂಠದ ಸುತ್ತ ಕೊಡುವ ಚುಚ್ಚುಮದ್ದು, ಮುಖ್ಯವಾಗಿ ಹೆರಿಗೆಯಾಗದವರಲ್ಲಿ, ನಿಜವಾಗಿ ಕೆಲಸ ಮಾಡುತ್ತದೆ. ಪ್ರಯೋಗಗಳಲ್ಲಿ ಬಳಸಿದ ಒಂದು ಮಿಶ್ರಣ: ಶೇ 1ರ ಲಿಗ್ನೊಕೇನ್ 18 ಮಿಲಿಲೀಟರ್, ಶೇ 8.4ರ ಸೋಡಿಯಂ ಬೈಕಾರ್ಬೊನೇಟ್ 2 ಮಿಲಿಲೀಟರ್. ಬೈಕಾರ್ಬೊನೇಟ್ ಸೇರಿಸಿದರೆ ಮದ್ದು ಹೋಗುವಾಗಿನ ಉರಿ ಕಡಿಮೆ. ಗರ್ಭಕಂಠವನ್ನು ಗಡಿಯಾರದ ಮುಖ ಎಂದುಕೊಂಡರೆ, 12ರ ಜಾಗದಲ್ಲಿ 2 ಮಿಲಿಲೀಟರ್ ಚುಚ್ಚಿ ಅಲ್ಲೇ ಇಕ್ಕಳ ಹಿಡಿದು, ಉಳಿದದ್ದನ್ನು ಕಂಠ ಮತ್ತು ಯೋನಿ ಸೇರುವ ಅಂಚಿನಲ್ಲಿ 4 ಮತ್ತು 8ರ ಜಾಗದಲ್ಲಿ ನಿಧಾನವಾಗಿ ಬಿಡಬೇಕು. ಪ್ರತಿ ಸಲವೂ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲ ಎಂದು ನೋಡಲೇಬೇಕು. ಮಿತಿ ದೇಹತೂಕದ ಕಿಲೋಗೆ 4.5 ಮಿಲಿಗ್ರಾಂ. ಮೇಲಿನ 18 ಮಿಲಿಲೀಟರ್‌ನಲ್ಲಿರುವುದು 180 ಮಿಲಿಗ್ರಾಂ. ಅಂದರೆ 40 ಕಿಲೋ ತೂಗುವವಳಿಗೆ ಅದೇ ಕೊನೆಯ ಗೆರೆ, ಅದಕ್ಕಿಂತ ಸಣ್ಣ ಮೈಯವಳಿಗೆ ಕಡಿಮೆ ಮಾಡಬೇಕು. ಕಿವಿಯಲ್ಲಿ ಗುಂಯ್‌ಗುಟ್ಟುವುದು, ಬಾಯಲ್ಲಿ ಲೋಹದ ರುಚಿ, ತುಟಿ ಸುತ್ತ ಜೋಮು ಬಂದರೆ ಮದ್ದು ರಕ್ತಕ್ಕೆ ಹೆಚ್ಚು ಹೋಗಿದೆ ಎಂದರ್ಥ, ಕೂಡಲೇ ನಿಲ್ಲಿಸಬೇಕು. ಚುಚ್ಚಿದ ಮೇಲೆ ಸುಮಾರು ಮೂರು ನಿಮಿಷ ಕಾಯಬೇಕು. ಈ ಮೂರು ನಿಮಿಷವೇ ಹೆಚ್ಚಿನ ಕಡೆ ಬಿಟ್ಟುಹೋಗುವುದು. ಮದ್ದು ಕೊಟ್ಟೂ ನೋವಾಯಿತು ಎಂದರೆ ಮೊದಲು ವಿಚಾರಿಸಬೇಕಾದದ್ದು ಗಡಿಯಾರವನ್ನು.

ಕೆಲವರಿಗೆ ಕಣ್ಣು ಕತ್ತಲೆಗಟ್ಟಿ ನಾಡಿ ಇಳಿಯುತ್ತದೆ. ಆಗ ಕೆಲಸ ನಿಲ್ಲಿಸಿ, ಕಾಲು ಎತ್ತರಿಸಿ, ಚೇತರಿಸಿಕೊಳ್ಳುವವರೆಗೆ ಎಬ್ಬಿಸಬಾರದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ತೆಗೆಯಿರಿ ಎಂದು ಆಕೆ ಬಂದ ದಿನ ತೆಗೆಯಬೇಕು. ರಕ್ತಸ್ರಾವ ತಾನೇ ಕಡಿಮೆಯಾಗಬಹುದು ಎಂದು ತಿಳಿಸುವುದು ವೈದ್ಯರ ಕೆಲಸ, ಇನ್ನೂ ಮೂರು ತಿಂಗಳು ಇಟ್ಟುಕೊಳ್ಳಿ ಎಂದು ವಾಪಸ್ ಕಳಿಸುವುದು ಅಲ್ಲ. ಬೇಡವೆಂದಾಗ ತೆಗೆಸಿಕೊಳ್ಳಲಾಗದಿದ್ದರೆ ಹಾಕಿಸಿಕೊಳ್ಳುವಾಗ ಕೊಟ್ಟ ಒಪ್ಪಿಗೆಗೂ ಬೆಲೆಯಿಲ್ಲ.

ಕೇಳಿಸಿಕೊಳ್ಳುವುದು

1984ರ ಅಧ್ಯಯನವೊಂದರಲ್ಲಿ ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. ಇದರ ಬೆಲೆ, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆದು ನೋವು ಕೊಡುವ ಎಂಡೊಮೆಟ್ರಿಯೋಸಿಸ್‌ನಲ್ಲಿ ಎದ್ದು ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಇದು ಇದೆ, ಪತ್ತೆಯಾಗಲು ವರ್ಷಗಳೇ ಹಿಡಿಯುತ್ತವೆ. ಮುಟ್ಟಿನ ನೋವು ಎಲ್ಲರಿಗೂ ಇದ್ದದ್ದೇ ಎಂಬ ಉತ್ತರವೇ ಈ ತಡದ ದೊಡ್ಡ ಕಾರಣ. ಕೇಳಬೇಕಾದ ಪ್ರಶ್ನೆಗಳು ಕೆಲವೇ: ನೋವಿನಿಂದ ಶಾಲೆ ಅಥವಾ ಕೆಲಸ ತಪ್ಪುತ್ತದೆಯೇ, ಮಾತ್ರೆಗೂ ಜಗ್ಗುವುದಿಲ್ಲವೇ, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಹೋದಾಗ ನೋವೇ, ಕೂಡುವಾಗ ಆಳದಲ್ಲಿ ನೋವೇ. ಸ್ಕ್ಯಾನ್ ಸರಿಯಿದೆ ಎಂದರೆ ರೋಗವಿಲ್ಲ ಎಂದಲ್ಲ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದ ಮೇಲೆಯೇ ಚಿಕಿತ್ಸೆ ಎಂಬ ಹಳೆಯ ನಿಯಮವನ್ನು ಯುರೋಪಿನ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಸಡಿಲಿಸಿದೆ. ಲಕ್ಷಣ ಕೇಳಿಯೇ ಔಷಧ ಶುರುಮಾಡಬಹುದು.

ಬಡಿತ ಕಾಣದಿದ್ದಾಗ

ಸ್ಕ್ಯಾನ್ ಕೋಣೆಯ ಮೌನವನ್ನು ಹೆಂಗಸರು ಮರೆಯುವುದಿಲ್ಲ. ಆದ್ದರಿಂದ ಶುರುವಿಗೇ ಹೇಳಿಬಿಡಬೇಕು: ‘ಮೊದಲು ಕೆಲವು ನಿಮಿಷ ನಾನು ಮಾತಾಡದೆ ನೋಡುತ್ತೇನೆ, ಆಮೇಲೆ ಕಂಡದ್ದನ್ನೆಲ್ಲ ಹೇಳುತ್ತೇನೆ.’ ಆಗ ಮೌನವೇ ಕೆಟ್ಟ ಸುದ್ದಿಯಾಗುವುದು ತಪ್ಪುತ್ತದೆ.

ಆತುರಪಡಬಾರದು. ಯೋನಿಯ ಮೂಲಕ ಮಾಡಿದ ಸ್ಕ್ಯಾನ್‌ನಲ್ಲಿ ಭ್ರೂಣದ ಉದ್ದ 7 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಬಡಿತ ಇಲ್ಲದಿದ್ದರೆ, ಇಲ್ಲವೇ ಭ್ರೂಣ ಬೆಳೆಯುವ ಚೀಲದ ಸರಾಸರಿ ಅಗಲ 25 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಭ್ರೂಣ ಕಾಣದಿದ್ದರೆ ಗರ್ಭ ಉಳಿದಿಲ್ಲ ಎನ್ನಬಹುದು. ಅದಕ್ಕಿಂತ ಕಡಿಮೆಯಿದ್ದರೆ ಕನಿಷ್ಠ ಒಂದು ವಾರ ಬಿಟ್ಟು ಮತ್ತೆ ನೋಡಬೇಕು. ಆ ವಾರ ಆಕೆಗೆ ಯುಗದಂತಿರುತ್ತದೆ. ಆದರೂ ಬದುಕಿರುವ ಗರ್ಭವನ್ನು ಹೊರಹಾಕುವ ಮಾತ್ರೆ ಕೊಡುವ ತಪ್ಪನ್ನು ತಿದ್ದಲಾಗದು.

ಖಚಿತವಾದ ಮೇಲೆ ಸುತ್ತಿ ಬಳಸಿ ಹೇಳಬಾರದು. ‘ಹೃದಯ ಬಡಿತ ಕಾಣುತ್ತಿಲ್ಲ. ಗರ್ಭ ಉಳಿದಿಲ್ಲ.’ ಇಷ್ಟು ಹೇಳಿ ಬಾಯಿ ಮುಚ್ಚಿ ಕೂರಬೇಕು. ಆಕೆ ಮಗು ಎಂದರೆ ವೈದ್ಯರೂ ಮಗು ಎನ್ನಬೇಕು. ಗರ್ಭ ಎಂದರೆ ಗರ್ಭ. ಭಾರ ಎತ್ತಿದ್ದಕ್ಕೋ ನಡೆದಾಡಿದ್ದಕ್ಕೋ ಹೀಗಾಯಿತೇ ಎಂದು ಆಕೆ ಕೇಳದಿದ್ದರೂ ಉತ್ತರಿಸಬೇಕು: ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ, ನೀವು ಮಾಡಿದ್ದು ಬಿಟ್ಟದ್ದು ಯಾವುದೂ ಅಲ್ಲ.

ಮುಂದಿನ ದಾರಿ ಮೂರು: ತಾನಾಗಿ ಹೋಗಲು ಕಾಯುವುದು, ಮಾತ್ರೆ, ನಳಿಕೆಯಿಂದ ಹೀರಿ ತೆಗೆಯುವ ಸಕ್ಷನ್. ಮಿಸೊಪ್ರೊಸ್ಟಾಲ್ 800 ಮೈಕ್ರೋಗ್ರಾಂಗೆ ಒಂದು ದಿನ ಮೊದಲು ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ಕೊಟ್ಟರೆ, ಮೊದಲ ಸುತ್ತಿಗೇ ಪೂರ್ತಿಯಾಗುವವರ ಪ್ರಮಾಣ ಸುಮಾರು ಶೇ 67ರಿಂದ 84ಕ್ಕೆ ಏರಿತು ಎಂದು 2018ರ ಪ್ರಯೋಗ ತೋರಿಸಿದೆ. ನೋವಿನ ಮಾತ್ರೆಯನ್ನು ಕೈಗೆ ಕೊಟ್ಟೇ ಕಳಿಸಬೇಕು. ಸತತ ಎರಡು ಗಂಟೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ದರೆ ತಕ್ಷಣ ಬರಬೇಕು ಎಂದು ಬರೆದೂ ಕೊಡಬೇಕು. ಆಕೆಯನ್ನು ಬಸುರಿಯರ ಸಾಲಿನಲ್ಲಿ ಕೂರಿಸಬಾರದು. ಮುಂದಿನ ತಿಂಗಳ ತಪಾಸಣೆಯ ಸಂದೇಶ ಫೋನಿಗೆ ಹೋಗದಂತೆ ದಾಖಲೆಯಿಂದ ಹೆಸರು ತೆಗೆಸಬೇಕು. ತಿಂಗಳು ತುಂಬುತ್ತ ಬಂದ ಮೇಲೆ ಹೋದ ಗರ್ಭವಾದರೆ ಎರಡು ಮೂರು ದಿನಕ್ಕೆ ಎದೆಹಾಲು ಬರಬಹುದು. ಹೇಳದೆ ಕಳಿಸಿದರೆ ಮನೆಯಲ್ಲಿ ಒಬ್ಬಳೇ ಇರುವಾಗ ಅದು ಆಕೆಗೆ ತಿಳಿಯುತ್ತದೆ. ತಡೆಯಲು ಮಾತ್ರೆಯಿದೆ ಎಂದೂ ತಿಳಿಸಬೇಕು.

ಹೆರಿಗೆ ಕೋಣೆ

ಗರ್ಭಕಂಠ ಗಂಟೆಗೆ 1 ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಲೆಕ್ಕ ಎಷ್ಟೋ ಬೈಗುಳಕ್ಕೂ ಹೆರಿಗೆ ನೋವು ಹೆಚ್ಚಿಸುವ ಅವಸರದ ಡ್ರಿಪ್‌ಗೂ ಕಾರಣವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಅದನ್ನು ಕೈಬಿಟ್ಟಿತು. ತೀವ್ರ ಹಂತ ಶುರುವಾಗುವುದು 5 ಸೆಂಟಿಮೀಟರ್‌ಗೆ, ಚೊಚ್ಚಲ ಹೆರಿಗೆಯಲ್ಲಿ ಆ ಹಂತ 12 ಗಂಟೆಯವರೆಗೂ ನಡೆಯಬಹುದು, ಎಲ್ಲ ಸರಿಯಿದ್ದರೆ ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು. ಹೊಟ್ಟೆ ಒತ್ತುವುದು ಬೇಡ, ಹೆರಿಗೆಯ ದಾರಿ ಅಗಲಿಸಲು ಎಲ್ಲರಿಗೂ ಕತ್ತರಿ ಹಾಕುವುದು ಬೇಡ. ಬೇಕಾದವರೊಬ್ಬರು ಜತೆಗಿರಲಿ, 26 ಪ್ರಯೋಗಗಳ, 15,000ಕ್ಕೂ ಹೆಚ್ಚು ಮಹಿಳೆಯರ ಫಲಿತಾಂಶ ಒಟ್ಟುಗೂಡಿಸಿದಾಗ, ಎಡೆಬಿಡದೆ ಜತೆಗಾರರು ಇದ್ದವರಲ್ಲಿ ಸಹಜ ಹೆರಿಗೆ ಹೆಚ್ಚಿತ್ತು, ಸಿಸೇರಿಯನ್ ಕಡಿಮೆಯಿತ್ತು. ಹೊಲಿಗೆ ಹಾಕುವ ಮೊದಲು ಮರಗಟ್ಟಿದೆಯೇ ಎಂದು ಇಕ್ಕಳದ ತುದಿಯಿಂದ ಮುಟ್ಟಿ, ಆಕೆಯನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ರಕ್ತಸ್ರಾವದಂಥ ಗಳಿಗೆಯಲ್ಲಿ ಚುರುಕುತನವೇ ಕರುಣೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗದಲ್ಲಿ, ಗುರುತುಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಅಳೆದು ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡಿದಾಗ, ತೀವ್ರ ರಕ್ತಸ್ರಾವ, ಅದರಿಂದಾಗುವ ಶಸ್ತ್ರಚಿಕಿತ್ಸೆ ಮತ್ತು ಸಾವು ಒಟ್ಟಾರೆ ಶೇ 60ರಷ್ಟು ತಗ್ಗಿದವು. ಆ ಓಡಾಟದಲ್ಲೂ ಒಬ್ಬರನ್ನು ಆಕೆಯ ತಲೆಯ ಬಳಿ ನಿಲ್ಲಿಸಬೇಕು. ಅವರ ಕೆಲಸ ಒಂದೇ, ನಡೆಯುತ್ತಿರುವುದನ್ನು ಆಕೆಗೆ ಹೇಳುತ್ತಿರುವುದು. ತಂಡದ ಕೆಲಸ ಹಂಚುವಾಗಲೇ ಆ ಹೆಸರನ್ನೂ ಗೊತ್ತುಮಾಡಬೇಕು.

ತರಬೇತಿಯಲ್ಲಿರುವ ವೈದ್ಯರು ಒಂದು ಲಾಗ್‌ಬುಕ್ ಇಡುತ್ತಾರೆ: ಎಷ್ಟು ಹೆರಿಗೆ, ಎಷ್ಟು ಸಿಸೇರಿಯನ್, ಎಷ್ಟು ವಂಕಿ, ಯಾರ ಮೇಲ್ವಿಚಾರಣೆ. ಅದಕ್ಕೆ ಎರಡು ಕಾಲಂ ಸೇರಿಸಲು ಯಾವ ಆಸ್ಪತ್ರೆಗೂ ಹೊಸ ಅನುದಾನ ಬೇಕಿಲ್ಲ. ನೋವು ಎಷ್ಟಾಗಬಹುದು ಎಂದು ಮಾಡುವ ಮುನ್ನ ವೈದ್ಯರು ಬರೆದ ಅಂಕ ಒಂದರಲ್ಲಿ, ಮುಗಿದ ಮೇಲೆ ಆಕೆ ಹೇಳಿದ ಅಂಕ ಇನ್ನೊಂದರಲ್ಲಿ. ತಿಂಗಳ ಕೊನೆಗೆ ಸೀನಿಯರ್ ಸಹಿ ಹಾಕುವ ಮುನ್ನ ಇಬ್ಬರೂ ಕೂತು ಆ ಎರಡು ಅಂಕಗಳ ನಡುವಿನ ಅಂತರ ನೋಡಲಿ. ಅಂತರ ದೊಡ್ಡದಿದ್ದ ಕಡೆ, ಮುಂದಿನ ಸಲ ಸೀನಿಯರ್ ಪಕ್ಕದಲ್ಲೇ ನಿಂತು ಆ ಕೈ ಎಲ್ಲಿ ಅವಸರಪಡುತ್ತಿದೆ ಎಂದು ಗಮನಿಸಲಿ.